ಕಂತಿನ ಕಾರು, ಮಾತಿನ ಬೆಲೆ

ಮಾರುವವನ ಮಾತಿಗೂ ಮಾರುವ ವಸ್ತುವಿನ ಬೆಲೆಗೂ ಇರುವ ಸಂಬಂಧ ಬಹು ಹಳೆಯದು. ಯಾವ ದೇಶದ ಜನಪದವನ್ನು ತೆಗೆದು ನೋಡಿದರೂ ವ್ಯಾಪಾರಿಯ ನಾಲಗೆಯನ್ನು ಕುರಿತು ನಾಲ್ಕು ಗಾದೆಗಳಾದರೂ ಸಿಗುತ್ತವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ಗಾದೆಗಳ ದೊಡ್ಡ ಪಾಲು ಒಂದು ಕಾಲಕ್ಕೆ ಕುದುರೆ ಮಾರುವವನಿಗೆ ಮೀಸಲಾಗಿತ್ತು. ಕುದುರೆಯ ಜಾಗಕ್ಕೆ ಮೋಟಾರು ಬಂದಿತು. ಗಾದೆಗಳೂ ಮೋಟಾರು ಮಾರುವವನ ಹೆಗಲಿಗೆ ಬಂದವು. ಹಳೆಯ ಕುದುರೆಯನ್ನು ಕೊಟ್ಟು ಹೊಸದನ್ನು ಕೊಳ್ಳುವಾಗ ನಡೆಯುತ್ತಿದ್ದ ಚೌಕಾಶಿಯೇ ಹಳೆಯ ಕಾರನ್ನು ಕೊಟ್ಟು ಹೊಸದನ್ನು ಕೊಳ್ಳುವಾಗಲೂ ಮುಂದುವರಿಯಿತು.

ಆದರೆ ನಾನು ಇಂದು ಹೇಳಹೊರಟಿರುವುದು ಬರಿಯ ಚೌಕಾಶಿಯ ವಿಷಯವಲ್ಲ. ಅದಕ್ಕಿಂತ ಸ್ವಲ್ಪ ವಿಚಿತ್ರವಾದ ಒಂದು ಪ್ರಸಂಗ. ಒಬ್ಬ ಗೃಹಸ್ಥ ತನ್ನ ಬ್ಯಾಂಕಿನಲ್ಲಿಯೋ ತಾನು ಸದಸ್ಯನಾಗಿರುವ ಸಹಕಾರ ಸಂಘದಲ್ಲಿಯೋ ಸಾಲವನ್ನು ಗೊತ್ತುಮಾಡಿಕೊಂಡು, ಮಂಜೂರಾತಿ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಕಾರಿನ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನಿಗೆ ಪೂರ್ತಿ ಹಣ ಒಂದೇ ಗಂಟಾಗಿ ಬರುವುದು ಖಂಡಿತ. ಅಂದಮೇಲೆ ಆತ ಸಂತೋಷಪಡಬೇಕು. ಆದರೆ ಆತ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ‘ಆ ಸಾಲ ಏಕೆ? ನಮ್ಮಲ್ಲಿಯೇ ಕೊಡಿಸುತ್ತೇವೆ. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ, ಅದನ್ನು ಹೇಳಿ’ ಎಂದು ಬೆನ್ನು ಹತ್ತುತ್ತಾನೆ. ಕಾರು ಮಾರುವವನಿಗೆ ಕೊಳ್ಳುವವನ ಸಾಲದ ಮೇಲೆ ಏಕೆ ಇಷ್ಟು ಮಮತೆ? ಈ ಪ್ರಶ್ನೆಗೆ ಉತ್ತರ ನೂರು ವರ್ಷಗಳಿಗೂ ಮೀರಿದ ಒಂದು ಚರಿತ್ರೆಯಲ್ಲಿದೆ. ನಾನು ಅರ್ಥಶಾಸ್ತ್ರವನ್ನು ಓದಿದವನಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ಚರಿತ್ರೆ ನನ್ನನ್ನು ಸೆಳೆದುದಕ್ಕೆ ಕಾರಣವಿದೆ. ಇಲ್ಲಿ ಹಣದಷ್ಟೇ ಪದಗಳೂ ಕೆಲಸ ಮಾಡಿವೆ. ಒಂದು ಅಂಕಿಗೆ ಯಾವ ಹೆಸರಿಡಬೇಕು ಎಂಬ ಜಗಳ ಇಲ್ಲಿ ನ್ಯಾಯಾಲಯದವರೆಗೆ, ಶಾಸನಸಭೆಯವರೆಗೆ ಹೋಗಿದೆ.

ಹೆನ್ರಿ ಫೋರ್ಡರ ‘ಮಾಡೆಲ್ ಟಿ’ ಕಾರು 1908ರಲ್ಲಿ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ಸುಮಾರು 850 ಡಾಲರು. ಮುಂದೆ ಅದು ಇಳಿಯುತ್ತ ಹೋಗಿ 1920ರ ದಶಕದ ಮಧ್ಯಭಾಗದ ಹೊತ್ತಿಗೆ 300 ಡಾಲರಿಗಿಂತ ಕೆಳಗೆ ಬಂದಿತು. ಆದರೂ ಕೂಲಿಯಿಂದ ಜೀವಿಸುವವನಿಗೆ ಅದು ಒಂದೇ ಸಲ ಎಣಿಸಿ ಕೊಡಬಹುದಾದ ಮೊತ್ತವಾಗಿರಲಿಲ್ಲ. ಆ ಕಾಲದ ಬ್ಯಾಂಕುಗಳು ಕಾರಿಗೆ ಸಾಲ ಕೊಡಲು ಹಿಂಜರಿಯುತ್ತಿದ್ದವು. ಕಾರು ವಿಲಾಸದ ವಸ್ತು, ಅದಕ್ಕಾಗಿ ಸಾಲ ಮಾಡುವವನು ಭರವಸೆಗೆ ತಕ್ಕವನಲ್ಲ ಎಂಬುದು ಅವುಗಳ ಭಾವನೆ. ಇನ್ನೊಂದು ತೊಡಕೂ ಇದ್ದಿತು. ಕಾರ್ಖಾನೆ ವರ್ಷವಿಡೀ ನಡೆಯಬೇಕು. ಕೊಳ್ಳುವವರಾದರೋ ಚಳಿ ಕಳೆದು ರಸ್ತೆ ಒಣಗಿದ ಮೇಲೆ ಬರುವವರು. ಕಾರ್ಖಾನೆಯಿಂದ ನಗದು ಕೊಟ್ಟು ಕಾರುಗಳನ್ನು ತರಿಸಿಕೊಂಡ ಅಂಗಡಿಯವನು ಅವುಗಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕುಳಿತಿರಬೇಕಾಗಿತ್ತು. ಈ ಎರಡು ತೊಡಕುಗಳನ್ನೂ ಬಿಡಿಸಲು ಜನರಲ್ ಮೋಟಾರ್ಸ್ ಸಂಸ್ಥೆ 1919ರಲ್ಲಿ ತನ್ನದೇ ಆದ ಸಾಲದ ಕಂಪನಿಯೊಂದನ್ನು ಕಟ್ಟಿತು. ಅಂಗಡಿಯವನಿಗೆ ಕಾರು ತರಿಸಿಕೊಳ್ಳಲು ಸಾಲ, ಗಿರಾಕಿಗೆ ಕಾರು ಕೊಳ್ಳಲು ಕಂತಿನ ಸಾಲ, ಎರಡನ್ನೂ ಅದು ಕೊಟ್ಟಿತು.

ಫೋರ್ಡರಿಗೆ ಸಾಲವೆಂದರೆ ಆಗದು. ಆದುದರಿಂದ ಅವರು 1923ರಲ್ಲಿ ಬೇರೊಂದು ದಾರಿಯನ್ನು ಹುಡುಕಿದರು. ಗಿರಾಕಿ ವಾರಕ್ಕೆ 5 ಡಾಲರಿನಂತೆ ಕೂಡಿಡುತ್ತ ಹೋಗುವುದು. ಪೂರ್ತಿ ಬೆಲೆ ಸೇರಿದ ದಿನ ಕಾರನ್ನು ಪಡೆಯುವುದು. ನೀತಿಯ ದೃಷ್ಟಿಯಿಂದ ಇದಕ್ಕಿಂತ ನಿರ್ಮಲವಾದ ಯೋಜನೆ ಇರಲಾರದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಹಿರಿಯರು ಮೆಚ್ಚಿ ತಲೆದೂಗಬಹುದಾಗಿತ್ತು. ಆದರೆ ಅಮೆರಿಕದ ಗಿರಾಕಿ ತಲೆದೂಗಲಿಲ್ಲ. ಪಕ್ಕದ ಅಂಗಡಿಯಲ್ಲಿ ಇಂದೇ ಕಾರು, ನಾಳೆಯಿಂದ ಕಂತು ಎನ್ನುತ್ತಿರುವಾಗ, ಇಲ್ಲಿ ವರ್ಷಗಟ್ಟಲೆ ಕಂತು, ಆಮೇಲೆ ಕಾರು ಎಂದರೆ ಯಾರು ಕಾದಾರು? ದಶಕದ ನಡುವಿಗೆ ಬರುವಷ್ಟರಲ್ಲಿ ಆ ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಂತಿನ ಮೇಲೆ ಹೋಗುತ್ತಿದ್ದವು. ಕಡೆಗೆ ಫೋರ್ಡ್ ಸಂಸ್ಥೆಯೂ 1928ರಲ್ಲಿ ಸಾಲದ ಕಂಪನಿಯನ್ನು ತೆರೆಯಬೇಕಾಯಿತು. ಅದಕ್ಕೆ ಒಂದು ವರ್ಷ ಮೊದಲು, 1927ರಲ್ಲಿ, ಕೊಲಂಬಿಯ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ಸೆಲಿಗ್ಮನ್ ಅವರು ಕಂತಿನ ಮಾರಾಟವನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿ, ಅದಕ್ಕೆ ಪಾಂಡಿತ್ಯದ ಮುದ್ರೆಯನ್ನು ಒತ್ತಿದರು. ಆ ಅಧ್ಯಯನಕ್ಕೆ ಪ್ರೇರಣೆ ಜನರಲ್ ಮೋಟಾರ್ಸಿನ ಕಡೆಯಿಂದಲೇ ಬಂದಿತ್ತೆಂಬುದು ಗಮನಿಸತಕ್ಕ ಸಂಗತಿ.

ಹೀಗೆ ಕಾರಿನ ಅಂಗಡಿ ಒಂದರ ಬದಲು ಎರಡು ಸರಕುಗಳನ್ನು ಮಾರುವ ಅಂಗಡಿಯಾಯಿತು. ಒಂದು ಕಾರು, ಇನ್ನೊಂದು ಸಾಲ. ಗಿರಾಕಿ ಬರೆದುಕೊಟ್ಟ ಕಂತಿನ ಪತ್ರವನ್ನು ಅಂಗಡಿಯವನು ಸಾಲದ ಕಂಪನಿಗೆ ಮಾರುತ್ತಿದ್ದ. ಬಡ್ಡಿಯ ಒಂದು ಪಾಲು ಆತನಿಗೆ ಹಿಂದಿರುಗಿ ಬರುತ್ತಿತ್ತು. ಬಡ್ಡಿ ಹೆಚ್ಚಾದಷ್ಟೂ ಆ ಪಾಲೂ ಹೆಚ್ಚು. ಕಾರಿನ ಬೆಲೆಯ ಬಗೆಗೆ ಗಂಟೆಗಟ್ಟಲೆ ವಾದಿಸುವ ಗಿರಾಕಿ ಸಾಲದ ಬೆಲೆಯ ಬಗೆಗೆ ಒಂದು ಮಾತನ್ನೂ ಆಡದೆ ಸಹಿ ಹಾಕುತ್ತಾನೆ ಎಂಬುದನ್ನು ಅಂಗಡಿಯವರು ಬೇಗನೆ ಕಂಡುಕೊಂಡರು. ಒಂದು ಕಡೆ ಬಿಟ್ಟುಕೊಟ್ಟಂತೆ ತೋರಿದುದನ್ನು ಇನ್ನೊಂದು ಕಡೆ ವಸೂಲು ಮಾಡಿಕೊಳ್ಳಬಹುದಾಗಿತ್ತು. ತನ್ನ ಸಾಲವನ್ನು ತಾನೇ ತಂದ ಗಿರಾಕಿಯನ್ನು ಕಂಡರೆ ಮುಖ ಸಣ್ಣದಾಗುವುದಕ್ಕೆ ಇದೇ ಮೂಲ. ಆತ ಎರಡು ಸರಕುಗಳಲ್ಲಿ ಒಂದನ್ನು ಹೊರಗೆ ಕೊಂಡುಬಂದಿದ್ದಾನೆ.

ಇಷ್ಟೇ ಆಗಿದ್ದರೆ ಅಂಗಡಿಯವನ ಆಸೆ ಎಂದು ಸುಮ್ಮನಾಗಬಹುದಿತ್ತು. ಆದರೆ ಒತ್ತಾಯ ಮೇಲಿನಿಂದಲೂ ಬರುತ್ತಿತ್ತು. 1938ರಲ್ಲಿ ಇಂಡಿಯಾನ ರಾಜ್ಯದ ಸೌತ್ ಬೆಂಡ್ ನಗರದಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಮೂರೂ ಸಂಸ್ಥೆಗಳ ಮೇಲೆ ಆರೋಪ ಹೊರಿಸಲಾಯಿತು. ಕಾರ್ಖಾನೆಗಳು ತಮಗೆ ಬೇಕಾದ ಸಾಲದ ಕಂಪನಿಯ ಮೂಲಕವೇ ಕಂತಿನ ವ್ಯವಹಾರ ನಡೆಯಬೇಕೆಂದು ಅಂಗಡಿಯವರನ್ನು ಬಲಾತ್ಕರಿಸುತ್ತಿವೆ ಎಂಬುದು ಆರೋಪದ ಸಾರ. ಬೇರೆ ಕಡೆಯಿಂದ ಸಾಲ ಕೊಡಿಸಿದ ಅಂಗಡಿಯವನು ಅದಕ್ಕೆ ಸಮಜಾಯಿಷಿ ಹೇಳಬೇಕು, ಹೇಳಲಾಗದಿದ್ದರೆ ಆತನಿಗೆ ಕಾರುಗಳ ಸರಬರಾಜು ಕುಂಠಿತವಾಗಬಹುದು, ಒಪ್ಪಂದವೇ ರದ್ದಾಗಲೂಬಹುದು. ಫೋರ್ಡ್, ಕ್ರೈಸ್ಲರ್ ಸಂಸ್ಥೆಗಳು ಅದೇ ವರ್ಷ ಸರ್ಕಾರದೊಡನೆ ರಾಜಿ ಮಾಡಿಕೊಂಡವು. ಜನರಲ್ ಮೋಟಾರ್ಸ್ ವಿಚಾರಣೆಯನ್ನು ಎದುರಿಸಿತು. 1939ರಲ್ಲಿ ಸಂಸ್ಥೆ ತಪ್ಪಿತಸ್ಥ ಎಂದು ತೀರ್ಪಾಯಿತು. 1941ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗಿರಾಕಿಯ ಎದುರಿಗೆ ಗುಡುಗುತ್ತಿದ್ದ ಅಂಗಡಿಯವನು ಬೆನ್ನ ಹಿಂದೆ ಇನ್ನೊಂದು ಗುಡುಗನ್ನು ಕೇಳುತ್ತಿದ್ದ ಎಂಬುದನ್ನು ಈ ಮೊಕದ್ದಮೆ ಬಯಲಿಗೆ ತಂದಿತು.

ಇದೇ ಹೊತ್ತಿಗೆ ಇನ್ನೊಂದು ವಿವಾದ ನಡೆಯುತ್ತಿದ್ದಿತು. ಭಾಷೆಯ ವಿದ್ಯಾರ್ಥಿಯಾದ ನನಗೆ ಇದು ಹೆಚ್ಚು ಸ್ವಾರಸ್ಯಕರವಾಗಿ ಕಾಣುತ್ತದೆ. 1930ರ ದಶಕದ ನಡುವಿನಲ್ಲಿ ಜನರಲ್ ಮೋಟಾರ್ಸ್ ‘ಶೇಕಡಾ 6ರ ಯೋಜನೆ’ ಎಂಬ ಹೆಸರಿನಲ್ಲಿ ಕಂತಿನ ಸಾಲವನ್ನು ಜಾಹೀರು ಮಾಡಿತು. ಆರು ಎಂದರೆ ಸಜ್ಜನರ ಬಡ್ಡಿ. ಬ್ಯಾಂಕಿನ ಬಡ್ಡಿಯಂತೆ ಕಿವಿಗೆ ಹಿತವಾಗಿದ್ದಿತು. ಆದರೆ ಲೆಕ್ಕ ಹಾಕಿ ನೋಡಿ. 1,000 ಡಾಲರು ಸಾಲ, ಒಂದು ವರ್ಷಕ್ಕೆ ಶೇಕಡಾ 6ರಂತೆ 60 ಡಾಲರು ಬಡ್ಡಿ, ಒಟ್ಟು 1,060. ಇದನ್ನು ಹನ್ನೆರಡು ಕಂತಿನಲ್ಲಿ ತೀರಿಸಬೇಕು. ಮೊದಲ ತಿಂಗಳು ಸಾಲಗಾರನ ಬಳಿ ಪೂರ್ತಿ ಸಾವಿರ ಇರುತ್ತದೆ, ನಿಜ. ಆರನೆಯ ತಿಂಗಳು ದಾಟುವಷ್ಟರಲ್ಲಿ ಅರ್ಧ ತೀರಿದೆ. ಹನ್ನೆರಡನೆಯ ತಿಂಗಳು ನೂರರೊಳಗೆ ಉಳಿದಿದೆ. ವರ್ಷದ ಸರಾಸರಿಯಲ್ಲಿ ಆತನ ಬಳಿ ಇದ್ದುದು ಸುಮಾರು 540 ಡಾಲರು ಮಾತ್ರ. 540ಕ್ಕೆ 60 ಎಂದರೆ ಬಡ್ಡಿ ಆರಲ್ಲ, ಹನ್ನೊಂದು. ತೀರಿಸಿದ ಹಣಕ್ಕೂ ಬಡ್ಡಿ ಕೊಟ್ಟಂತಾಯಿತು. ಕೇಂದ್ರ ವಾಣಿಜ್ಯ ಆಯೋಗ ಈ ಹೆಸರು ಜನರನ್ನು ತಪ್ಪು ದಾರಿಗೆ ಎಳೆಯುತ್ತದೆ ಎಂದು ತೀರ್ಮಾನಿಸಿತು. 1940ರಲ್ಲಿ ನ್ಯಾಯಾಲಯವೂ ಅದನ್ನು ಒಪ್ಪಿತು. ಅಂಕಿ ಸುಳ್ಳಾಗಿರಲಿಲ್ಲ, ಅಂಕಿಗೆ ಕೊಟ್ಟ ಹೆಸರು ಸುಳ್ಳಾಗಿತ್ತು.

ಹಾಗಾದರೆ ಹೊರಗಿನಿಂದ ಸಾಲ ತರುವ ಗಿರಾಕಿ ಅದನ್ನು ಎಲ್ಲಿಂದ ತರುತ್ತಿದ್ದ? ಇಲ್ಲಿ ನಮ್ಮ ದೇಶದ ಕಡೆಗೆ ಒಂದು ದಾರಿ ತಿರುಗುತ್ತದೆ. ಬಾಸ್ಟನ್ ನಗರದಲ್ಲಿ ಎಡ್ವರ್ಡ್ ಫೈಲೀನ್ ಎಂಬ ದೊಡ್ಡ ಅಂಗಡಿಯ ಒಡೆಯರಿದ್ದರು. ಅವರ ಅಂಗಡಿಯ ನೆಲಮಾಳಿಗೆಯಲ್ಲಿ ಒಂದು ವಿಶೇಷವಿದ್ದಿತು. ಸರಕಿನ ಬೆಲೆ ಗೊತ್ತಾದಷ್ಟು ದಿನಗಳ ತರುವಾಯ ತಾನಾಗಿ ಇಳಿಯುತ್ತಿತ್ತು. ಚೌಕಾಶಿಗೆ ಅಲ್ಲಿ ಅವಕಾಶವಿರಲಿಲ್ಲ. ಇವರು 1907ರಲ್ಲಿ ಪ್ರಪಂಚ ಪರ್ಯಟನೆಯ ಅಂಗವಾಗಿ ಭಾರತಕ್ಕೆ ಬಂದು, ಬಂಗಾಳದಲ್ಲಿ ಹಳ್ಳಿಯ ಸಹಕಾರ ಪತ್ತಿನ ಸಂಘಗಳನ್ನು ಕಂಡರು. ಸಾಹುಕಾರನ ಬಾಗಿಲಿಗೆ ಹೋಗದೆ, ರೈತರು ತಾವೇ ಕೂಡಿಸಿದ ಹಣವನ್ನು ತಮ್ಮಲ್ಲೇ ಸಾಲವಾಗಿ ಕೊಟ್ಟುಕೊಳ್ಳುವುದನ್ನು ನೋಡಿ ಬೆರಗಾದರು. ಈ ಸಂಘಗಳು 1904ರ ಕಾಯ್ದೆಯ ಫಲ. ಅದೇ ಕಾಯ್ದೆಯ ಅಡಿಯಲ್ಲಿ 1905ರಲ್ಲಿ ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘವೊಂದು ಹುಟ್ಟಿದ್ದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. ಫೈಲೀನರು ಕಂಡದ್ದು ಬಂಗಾಳದ ಸಂಘಗಳನ್ನೇ ಹೊರತು ಕಣಗಿನಹಾಳವನ್ನಲ್ಲ. ಆದರೆ ಎರಡೂ ಒಂದೇ ಬಳ್ಳಿಯ ಕಾಯಿಗಳು.

ಊರಿಗೆ ಮರಳಿದ ಫೈಲೀನರು ಈ ವಿಚಾರವನ್ನು ಕೈಬಿಡಲಿಲ್ಲ. ಜರ್ಮನಿಯಲ್ಲಿ ರೈಫೈಸನ್, ಕೆನಡದ ಕ್ವಿಬೆಕ್ಕಿನಲ್ಲಿ ಡೆಸ್ಜಾರ್ಡ್ಯಾ ಇಂಥವೇ ಸಂಘಗಳನ್ನು ಕಟ್ಟಿದ್ದರು. 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ‘ಕ್ರೆಡಿಟ್ ಯೂನಿಯನ್’ ಎಂಬ ಹೆಸರಿನ ಪತ್ತಿನ ಸಂಘಗಳಿಗೆ ಕಾನೂನು ಮಾಡಿತು. ಆ ಮುಂದಿನ ದಶಕಗಳಲ್ಲಿ ಫೈಲೀನರು ತಮ್ಮ ಸ್ವಂತ ಹಣವನ್ನು ಸುರಿದು ಚಳವಳಿಯನ್ನು ಬೆಳೆಸಿದರು. 1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಇಡೀ ರಾಷ್ಟ್ರಕ್ಕೆ ಅನ್ವಯಿಸುವ ಕಾನೂನಿಗೆ ಸಹಿ ಹಾಕಿದರು. ಕಾರ್ಖಾನೆಯ ಕಾರ್ಮಿಕರು, ಶಾಲೆಯ ಉಪಾಧ್ಯಾಯರು, ಅಂಚೆಯ ನೌಕರರು ತಮ್ಮ ತಮ್ಮ ಸಂಘಗಳಿಂದ ಸಾಲ ಪಡೆದು ಕಾರಿನ ಅಂಗಡಿಗೆ ಹೋಗಲು ಸಾಧ್ಯವಾಯಿತು.

ಈ ಕಾನೂನಿನಲ್ಲಿ ಬಡ್ಡಿಗೆ ಒಂದು ಮಿತಿಯಿದ್ದಿತು: ಬಾಕಿ ಉಳಿದ ಸಾಲದ ಮೇಲೆ ತಿಂಗಳಿಗೆ ಶೇಕಡಾ 1, ಎಲ್ಲ ಖರ್ಚೂ ಅದರಲ್ಲಿಯೇ ಅಡಕ. ವರ್ಷಕ್ಕೆ ಹನ್ನೆರಡಾಯಿತು. ಈಗ ಗಿರಾಕಿಯ ಇಕ್ಕಟ್ಟನ್ನು ಯೋಚಿಸಿ. ಸಂಘ ಪ್ರಾಮಾಣಿಕವಾಗಿ ಹನ್ನೆರಡು ಎನ್ನುತ್ತದೆ. ಅಂಗಡಿ ನಗುತ್ತ ಆರು ಎನ್ನುತ್ತದೆ. ನಿಜದಲ್ಲಿ ಅದು ಹನ್ನೊಂದು. ಹತ್ತಿರ ಹತ್ತಿರ ಸಮವಾದ ಎರಡು ಸಾಲಗಳಲ್ಲಿ ಒಂದು ಇನ್ನೊಂದರ ಇಮ್ಮಡಿಯಂತೆ ಕಾಣುತ್ತದೆ. ಸಂಘ ತನ್ನ ಬಡ್ಡಿಯನ್ನು ಹತ್ತಕ್ಕೆ ಇಳಿಸಿದರೂ, ಎಂದರೆ ನಿಜವಾಗಿ ಅಗ್ಗವಾದರೂ, ಕೇಳಿದವನ ಕಿವಿಗೆ ಅದೇ ದುಬಾರಿ. ನಿಜ ಹೇಳಿದವನು ಸೋಲುವಂಥ ಭಾಷೆಯೊಂದು ಮಾರುಕಟ್ಟೆಯಲ್ಲಿ ನೆಲೆಯೂರಿತ್ತು. ಮಾರಾಟಗಾರನ ಒತ್ತಡಕ್ಕೆ ಬಲ ಬಂದದ್ದು ಆತನ ಗಂಟಲಿನಿಂದಲ್ಲ, ಈ ಭಾಷೆಯಿಂದ.

ಎರಡನೆಯ ಮಹಾಯುದ್ಧದ ತರುವಾಯ ಕೆಲವು ವರ್ಷ ಕಾರುಗಳಿಗೇ ಬರವಿದ್ದುದರಿಂದ ಮಾರಾಟಗಾರ ಬಾಯಿ ತೆರೆಯುವ ಅಗತ್ಯವಿರಲಿಲ್ಲ. 1950ರ ದಶಕದಲ್ಲಿ ಕಾರುಗಳು ಅಂಗಡಿಗಳಲ್ಲಿ ತುಂಬಿ ನಿಂತವು. ಆಗ ಈ ವೃತ್ತಿಯ ಪರಿಭಾಷೆ ಬೆಳೆದ ರೀತಿ ನಿಘಂಟುಕಾರರು ನೋಡತಕ್ಕದ್ದು. ಕಾರಿನ ಬೆಲೆಗೆ ಮೊದಲೇ ನೂರಾರು ಡಾಲರು ಸೇರಿಸಿ, ಆಮೇಲೆ ಹಳೆಯ ಕಾರಿಗೆ ಉದಾರವಾಗಿ ಬೆಲೆ ಕಟ್ಟಿದಂತೆ ತೋರಿಸುವುದು ‘ಪ್ಯಾಕ್’. ಕೊಡಲು ಉದ್ದೇಶವೇ ಇಲ್ಲದ ಅಗ್ಗದ ಬೆಲೆಯನ್ನು ಹೇಳಿ ಗಿರಾಕಿಯನ್ನು ಮತ್ತೆ ಬರಮಾಡಿಕೊಳ್ಳುವುದು ‘ಲೋ ಬಾಲ್’. ಮಾತು ಮುಗಿದ ಮೇಲೆ ಏನೋ ನೆಪದಿಂದ ಬೆಲೆ ಏರಿಸುವುದು ‘ಬುಷಿಂಗ್’. ಒಬ್ಬ ಮಾರಾಟಗಾರ ದಣಿದಾಗ ಗಿರಾಕಿಯನ್ನು ಇನ್ನೊಬ್ಬನ ಕೈಗೆ ಒಪ್ಪಿಸುವುದು ‘ಟರ್ನ್ ಓವರ್’. ಮಾರುವವರು ಸರದಿಯ ಮೇಲೆ ಬದಲಾಗುತ್ತಾರೆ. ಕೊಳ್ಳುವವನು ಒಬ್ಬನೇ ಕುಳಿತಿರುತ್ತಾನೆ.

ಕಾರ್ಖಾನೆಯ ಬಲಾತ್ಕಾರದ ವಿರುದ್ಧ ಅಂಗಡಿಯವರು ನ್ಯಾಯಾಲಯಕ್ಕೆ ಹೋಗಲು ಅನುವು ಮಾಡಿಕೊಡುವ ಕಾಯ್ದೆ 1956ರಲ್ಲಿ ಬಂದಿತು. ಗಿರಾಕಿಗಾಗಿ ಬಂದ ಕಾಯ್ದೆ 1958ರದು. ಓಕ್ಲಹೋಮದ ಸೆನೆಟರ್ ಮನ್ರೋನಿ ಅವರ ಪ್ರಯತ್ನದ ಫಲವಾಗಿ, ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಕಾರ್ಖಾನೆ ಸೂಚಿಸಿದ ಬೆಲೆ, ಹೆಚ್ಚುವರಿ ಸಲಕರಣೆಗಳಲ್ಲಿ ಒಂದೊಂದರ ಬೆಲೆ, ಸಾಗಾಣಿಕೆಯ ವೆಚ್ಚ ಇವನ್ನೆಲ್ಲ ಮುದ್ರಿಸಿ ಅಂಟಿಸಬೇಕೆಂದಾಯಿತು. ಆ ಚೀಟಿಯನ್ನು ಅಮೆರಿಕದವರು ಇಂದಿಗೂ ಮನ್ರೋನಿಯ ಹೆಸರಿನಿಂದಲೇ ಕರೆಯುತ್ತಾರೆ. ಚೌಕಾಶಿ ನಿಲ್ಲಲಿಲ್ಲ, ಆದರೆ ಅದು ಯಾವ ಮೆಟ್ಟಿಲಿನಿಂದ ಆರಂಭವಾಗುತ್ತದೆಂಬುದು ಎಲ್ಲರಿಗೂ ಕಾಣುವಂತಾಯಿತು.

ಕಾರಿಗೆ ಚೀಟಿ ಬಂದಿತು; ಸಾಲಕ್ಕೆ? ಆ ಕೆಲಸವನ್ನು ಕೈಗೆತ್ತಿಕೊಂಡವರು ಇಲಿನಾಯ್ ರಾಜ್ಯದ ಸೆನೆಟರ್ ಪಾಲ್ ಡಗ್ಲಾಸ್. ಇವರು ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಎಲ್ಲ ಸಾಲದಾತರೂ ಬಡ್ಡಿಯನ್ನು ಒಂದೇ ರೀತಿಯಲ್ಲಿ, ಬಾಕಿ ಉಳಿದ ಮೊತ್ತದ ಮೇಲಿನ ವಾರ್ಷಿಕ ದರವಾಗಿ, ಹೇಳಬೇಕೆಂಬುದು ಅವರ ಮಸೂದೆಯ ತಿರುಳು. ಬಡ್ಡಿಗೆ ಮಿತಿ ಹಾಕುವುದಲ್ಲ. ಬಡ್ಡಿಗೆ ಒಂದೇ ಭಾಷೆ ಕೊಡುವುದು. 1960ರಲ್ಲಿ ಮಂಡಿಸಿದ ಮಸೂದೆ ವರ್ಷ ವರ್ಷವೂ ಸಮಿತಿಯಲ್ಲಿ ಸಿಕ್ಕಿಕೊಂಡಿತು. 1966ರಲ್ಲಿ ಡಗ್ಲಾಸರು ಚುನಾವಣೆಯಲ್ಲಿ ಸೋತರು. ವಿಸ್ಕಾನ್ಸಿನ್ನಿನ ಸೆನೆಟರ್ ಪ್ರಾಕ್ಸ್‌ಮೈರ್ ಅದನ್ನು ಮುಂದಕ್ಕೆ ಒಯ್ದರು. 1968ರಲ್ಲಿ ಅದು ಕಾಯ್ದೆಯಾಯಿತು. ಮರುವರ್ಷ ಜಾರಿಗೆ ಬಂದಿತು. ಬಿತ್ತಿದವರು ಸಭೆಯಲ್ಲಿ ಇಲ್ಲದ ಹೊತ್ತಿನಲ್ಲಿ ಬೆಳೆ ಕೈಗೆ ಬಂದಿತು. ಅಂದಿನಿಂದ ಸಂಘದ ಹತ್ತು, ಅಂಗಡಿಯ ಹನ್ನೊಂದು ಒಂದೇ ತಕ್ಕಡಿಯಲ್ಲಿ ತೂಗಿದವು.

ಇನ್ನೊಂದು ಅನ್ಯಾಯ ಉಳಿದಿದ್ದಿತು. ಕಾರು ಕೆಟ್ಟದ್ದೆಂದು ಗೊತ್ತಾದರೂ, ಕಂತಿನ ಪತ್ರವನ್ನು ಕೊಂಡ ಸಾಲದ ಕಂಪನಿ ‘ಕಾರಿನ ವಿಷಯ ಅಂಗಡಿಯವನನ್ನು ಕೇಳಿ, ನಮ್ಮ ಕಂತು ನಮಗೆ ಕಟ್ಟಿ’ ಎನ್ನಬಹುದಾಗಿತ್ತು. ಕೇಂದ್ರ ವಾಣಿಜ್ಯ ಆಯೋಗದ ನಿಯಮವೊಂದು 1976ರಲ್ಲಿ ಜಾರಿಗೆ ಬಂದು, ಅಂಗಡಿಯವನ ಮೇಲಿರುವ ದೂರನ್ನು ಆತನ ಪತ್ರ ಕೊಂಡವರ ಮೇಲೂ ಹೂಡಬಹುದೆಂದು ಸಾರಿತು.

ಇಷ್ಟು ಕಾಯ್ದೆಗಳಾದ ಮೇಲೆಯೂ ಮಾರಾಟಗಾರನ ಬಾಯಲ್ಲಿ ಉಳಿದ ಪ್ರಶ್ನೆ ಅದೇ: ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ? ಇದು ಕನಿಕರದ ಪ್ರಶ್ನೆಯಂತೆ ಕೇಳಿಸುತ್ತದೆ. ಆದರೆ ಹೊಸ ಕಾರಿನ ಬೆಲೆ, ಹಳೆಯ ಕಾರಿನ ಬೆಲೆ, ಸಾಲದ ಬಡ್ಡಿ, ಸಾಲದ ಅವಧಿ ಈ ನಾಲ್ಕನ್ನೂ ಒಂದೇ ಅಂಕಿಯೊಳಗೆ ಕರಗಿಸಿಬಿಡುವ ಶಕ್ತಿ ಅದಕ್ಕಿದೆ. 10,000 ಡಾಲರ ಸಾಲವನ್ನು ಶೇಕಡಾ 9ರಂತೆ ಮೂರು ವರ್ಷದಲ್ಲಿ ತೀರಿಸಿದರೆ ತಿಂಗಳಿಗೆ 318 ಡಾಲರು. ಐದು ವರ್ಷಕ್ಕೆ ಎಳೆದರೆ 208ಕ್ಕೂ ಕಡಮೆ. ನೂರಹತ್ತು ಡಾಲರು ಉಳಿಯಿತೆಂದು ಗಿರಾಕಿ ಹಿಗ್ಗುತ್ತಾನೆ. ಆದರೆ ಬಡ್ಡಿ ಸುಮಾರು 1,450ರಿಂದ 2,450ಕ್ಕೆ ಏರಿದೆ. ಕಂತು ಇಳಿದಂತೆ ಬೆಲೆ ಏರುವ ಈ ಜಾಣ್ಮೆಯನ್ನು ಒಂದು ಹಾಳೆಯ ಮೇಲೆ ಬರೆದು ನೋಡದೆ ತಿಳಿಯಲಾಗದು.

ಆದುದರಿಂದ ಆ ದೇಶದ ಅನುಭವಸ್ಥರು ಹೇಳುವ ವಿವೇಕ ಸರಳವಾದುದು. ಮೂರು ಮಾತುಗಳನ್ನು ಮೂರು ಬೇರೆ ಬೇರೆ ಮಾತುಗಳಾಗಿಯೇ ಉಳಿಸಿಕೊಳ್ಳಿ. ಮೊದಲು ಹೊಸ ಕಾರಿನ ಬೆಲೆ, ಅದು ಬರವಣಿಗೆಯಲ್ಲಿ ಇತ್ಯರ್ಥವಾದ ಮೇಲೆ ಹಳೆಯ ಕಾರಿನ ಬೆಲೆ, ಕೊನೆಗೆ ಸಾಲ. ತಿಂಗಳ ಕಂತನ್ನು ಕೇಳಿದವನಿಗೆ ಪೂರ್ತಿ ಬೆಲೆಯನ್ನು ಕೇಳುವುದೇ ಉತ್ತರ. ಜೇಬಿನಲ್ಲಿರುವ ಮಂಜೂರಾತಿ ಪತ್ರ ಅಂಗಡಿಯ ಸಾಲವನ್ನು ತಿರಸ್ಕರಿಸುವುದಕ್ಕಾಗಿ ಮಾತ್ರವಲ್ಲ, ಅಳೆಯುವುದಕ್ಕೂ ಇದೆ. ಕಾರ್ಖಾನೆಗಳು ತಮ್ಮ ಕೈಯಿಂದ ಬಡ್ಡಿಯ ನಷ್ಟವನ್ನು ತುಂಬಿಕೊಟ್ಟು ನಿಜವಾಗಿಯೇ ಅಗ್ಗದ ಸಾಲ ಕೊಡಿಸುವ ಸಂದರ್ಭಗಳಿವೆ. 2001ರ ಕೊನೆಯ ತಿಂಗಳುಗಳಲ್ಲಿ ಅಮೆರಿಕದ ಕಾರ್ಖಾನೆಗಳು ಬಡ್ಡಿಯೇ ಇಲ್ಲದ ಸಾಲವನ್ನು ಕೊಡಿಸಿದ್ದುಂಟು. ಆದರೆ ಅಂಥ ಸಾಲಕ್ಕೆ ಪ್ರತಿಯಾಗಿ ಬೆಲೆಯಲ್ಲಿ ದೊರೆಯಬಹುದಾದ ಕಡಿತವನ್ನು ಬಿಡಬೇಕಾಗುತ್ತದೆಯೇ ಎಂದು ಕೇಳಬೇಕು. ಕೈಯಲ್ಲಿ ಇನ್ನೊಂದು ಸಾಲ ಇದ್ದವನಿಗೆ ಮಾತ್ರ ಈ ಪ್ರಶ್ನೆ ಕೇಳುವ ಧೈರ್ಯ ಬರುತ್ತದೆ. ಎದ್ದು ಹೊರಡಬಲ್ಲವನೇ ಕುಳಿತು ಮಾತನಾಡಬಲ್ಲ.

ಮಾರಾಟಗಾರನನ್ನು ರಾಕ್ಷಸನನ್ನಾಗಿ ಚಿತ್ರಿಸುವುದು ಈ ಭಾಷಣದ ಉದ್ದೇಶವಲ್ಲ. ಆತನೂ ಸಂಬಳಕ್ಕಿಂತ ಕಮಿಷನ್ನನ್ನು ನೆಚ್ಚಿ ಬದುಕುವವನು. ತಿಂಗಳ ಕೊನೆಗೆ ಇಷ್ಟು ಕಾರು, ಇಷ್ಟು ಸಾಲ ಎಂಬ ಲೆಕ್ಕ ಒಪ್ಪಿಸಬೇಕಾದವನು. ಆತನಿಗೆ ಸೌಜನ್ಯದಿಂದ, ಆದರೆ ಎರಡನೆಯ ಮಾತಿಗೆ ಎಡೆಯಿಲ್ಲದಂತೆ ‘ಬೇಡ’ ಎನ್ನಬಹುದು. ಕಾನೂನೊಂದೇ ಈ ಕೆಲಸವನ್ನು ಮಾಡಲಾರದು. ಕೇಂದ್ರ ವಾಣಿಜ್ಯ ಆಯೋಗ 2023ರ ಡಿಸೆಂಬರಿನಲ್ಲಿ ಕಾರಿನ ಅಂಗಡಿಗಳ ಮರೆಮಾಚಿದ ವೆಚ್ಚಗಳ ವಿರುದ್ಧ ಹೊಸ ನಿಯಮವೊಂದನ್ನು ರಚಿಸಿತು. 2025ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ, ನಿಯಮ ರಚನೆಯ ಕ್ರಮ ಸರಿಯಿಲ್ಲವೆಂದು ಅದನ್ನು ರದ್ದುಮಾಡಿತು. ನೂರು ವರ್ಷದ ಜಗ್ಗಾಟ ಮುಗಿದಿಲ್ಲ.

ನಮ್ಮಲ್ಲಿಯೂ ವಾಹನ ಮಾರುವ ಮಳಿಗೆಗಳಲ್ಲಿ ಸಾಲದ ಮೇಜು ಹೊಸದಲ್ಲ. ‘ಫ್ಲ್ಯಾಟ್ ರೇಟ್’ ಎಂಬ ಮಾತನ್ನು ಕೇಳಿದವರಿಗೆ ಶೇಕಡಾ 6ರ ಯೋಜನೆಯ ನೆನಪಾದರೆ ಅದು ಸಹಜ, ಲೆಕ್ಕ ಒಂದೇ. ಭಾರತೀಯ ರಿಸರ್ವ್ ಬ್ಯಾಂಕಿನ 2024ರ ಆದೇಶದಂತೆ, ಆ ವರ್ಷದ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆಲ್ಲ ಮುಖ್ಯಾಂಶಗಳ ಪತ್ರವೊಂದನ್ನು ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಸಾಲಗಾರನಿಗೆ ಕೊಡಬೇಕಾಗಿದೆ. ಎಲ್ಲ ವೆಚ್ಚಗಳೂ ಸೇರಿದ ವಾರ್ಷಿಕ ದರ ಅದರಲ್ಲಿ ಇರಬೇಕು. ಅಷ್ಟೇ ಅಲ್ಲ, ಆ ಪತ್ರ ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಈ ಕೊನೆಯ ಮಾತನ್ನು ಓದಿದಾಗ, ಬಾಳಿನುದ್ದಕ್ಕೂ ಕನ್ನಡ ಪಾಠ ಹೇಳಿದ ನನಗೆ ಆದ ಸಂತೋಷ ಅಲ್ಪವಲ್ಲ. ಕನ್ನಡಿಗನು ಸಹಿ ಹಾಕುವ ಮುನ್ನ ತನ್ನ ಸಾಲವನ್ನು ಕನ್ನಡದಲ್ಲಿ ಓದಿ ತಿಳಿಯುವ ಹಕ್ಕು ಕಾಗದದ ಮೇಲೆ ಬಂದಿದೆ. ಅದನ್ನು ಕೇಳಿ ಪಡೆಯುವುದು, ಪಡೆದುದನ್ನು ಓದುವುದು, ಓದಿದ ಮೇಲೆ ಸಹಿ ಹಾಕುವುದು ನಮ್ಮ ಕೆಲಸ.